ಭೀಮಾ ನದಿ ದಂಡೆಯಲ್ಲಿ ಸಿಕ್ಕ ಈ ಕೆಂಪು ಕಲ್ಲು ಯಾವುದು?

ಪ್ರಶ್ನೆ: ಗಾಣಗಾಪುರದ ಸಂಗಮಕ್ಕೆ ಹೋದಾಗ ನೀರಿಳಿದ ದಂಡೆಯಲ್ಲಿ ಈ ಕಲ್ಲು ಸಿಕ್ಕಿತು. ಮುಷ್ಟಿ ಗಾತ್ರ, 412 ಗ್ರಾಂ ಇದೆ. ಮೇಲೆಲ್ಲ ಸಣ್ಣ ಸಣ್ಣ ಗುಳಿ. ಒಂದು ಕಡೆ ಒಡೆದಿದೆ, ಅಲ್ಲಿ ಕೆಂಪಗೆ ಮೇಣದ ಹಾಗೆ ಹೊಳೆಯುತ್ತದೆ. ಮೊಬೈಲ್ ಟಾರ್ಚ್ ಹಿಡಿದರೆ ಬೆಳಕು ಒಳಗೆ ಹೋಗುತ್ತದೆ. ನಮ್ಮ ಕಾಕಾ ಉಲ್ಕೆ ಅಂತಾರೆ, ಪಕ್ಕದ ಮನೆಯವರು ಮಾಣಿಕ್ಯ ಅಂತಾರೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರದೂ ಬೇಡ. ಮುಷ್ಟಿ ಗಾತ್ರದ ಉಲ್ಕೆಯೊಳಗೆ ಟಾರ್ಚ್ ಬೆಳಕು ಹೀಗೆ ಹೋಗುವುದಿಲ್ಲ, ಕಾಕಾನ ಮಾತು ಅಲ್ಲಿಗೇ ಮುಗಿಯಿತು. ಮಾಣಿಕ್ಯದ್ದನ್ನು ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು. ಡಿಜಿಟಲ್ ತಕ್ಕಡಿ ಮೇಲೆ ಕಲ್ಲು ಮುಳುಗಿದರೂ ಚೆಲ್ಲದಷ್ಟು ನೀರಿರುವ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ಪೂರ್ತಿ ಮುಳುಗಿಸಿ, ಆದರೆ ತಳಕ್ಕೆ ತಾಗಿಸಬೇಡಿ, ಕೈಯಲ್ಲೇ ತೂಗುಹಾಕಿ. ಈಗ ಬರುವ ಅಂಕಿಯಿಂದ 412ನ್ನು ಭಾಗಿಸಿ. 158ರ ಆಸುಪಾಸು ಬಂದರೆ ಉತ್ತರ 2.6, ಅಂದರೆ ಸ್ಫಟಿಕದ ಜಾತಿ. ಮಾಣಿಕ್ಯವಾಗಿದ್ದರೆ 103ರ ಹತ್ತಿರ ಬರಬೇಕು, ಯಾಕಂದ್ರೆ ಅದು ನೀರಿಗಿಂತ ನಾಲ್ಕು ಪಟ್ಟು ಭಾರ.

ನನಗಂತೂ 158 ಬರುತ್ತದೆ ಅಂತಲೇ ಅನ್ನಿಸುತ್ತದೆ. ಇದು ಅಗೇಟ್ ಕುಟುಂಬದ ಕಲ್ಲು, ನಿಮ್ಮ ಕಡೆ ಹಕೀಕ್ ಅಂತಾರಲ್ಲ, ಅದೇ. ಒಡೆದ ಜಾಗದಲ್ಲಿ ಪಟ್ಟೆ ಪಟ್ಟೆ ಕಂಡರೆ ಅಗೇಟ್, ಪಟ್ಟೆಯಿಲ್ಲದೆ ಒಂದೇ ಕೆಂಪಾಗಿದ್ದರೆ ಕಾರ್ನೇಲಿಯನ್.

ಕಲ್ಲು ಗುರುತಿಸುವಾಗ ನಾನು ಬಣ್ಣಕ್ಕಿಂತ ಮೊದಲು ನೋಡುವುದು ಆ ನದಿ ಎಲ್ಲಿಂದ ಬಂತು ಅಂತ. ಭೀಮಾ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ, ಅಲ್ಲಿಂದ ಅಫಜಲಪುರದವರೆಗೂ ಕರಿಕಲ್ಲಿನ ಮೇಲೇ ಹರಿಯುತ್ತದೆ. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಲಾವಾ ಆರುವಾಗ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡವು, ಆಮೇಲೆ ಸಿಲಿಕಾ ಕರಗಿದ ನೀರು ಆ ಗೂಡುಗಳಿಗೆ ಇಳಿದು ಪದರ ಪದರವಾಗಿ ಗಟ್ಟಿಯಾಯಿತು. ಕೆಂಪು ಬಂದಿದ್ದು ಕಬ್ಬಿಣದಿಂದ. ಮೇಲಿನ ಗುಳಿಗಳು ಗೂಡಿನ ಗೋಡೆಯ ಅಚ್ಚು. ಸುತ್ತಲಿನ ಕರಿಕಲ್ಲು ಸವೆದು ಎರೆಮಣ್ಣಾಯಿತು, ಅದರಲ್ಲೇ ನೀವು ಜೋಳ ತೊಗರಿ ಬೆಳೆಯೋದು. ಈ ಗಟ್ಟಿ ಗೆಡ್ಡೆ ಮಾತ್ರ ಸವೆಯದೆ ಉರುಳಿಕೊಂಡು ಹೊಳೆಗೆ ಬಂತು.

ಇನ್ನೂ ಅನುಮಾನ ಇದ್ದರೆ ಒಡೆದ ಅಂಚಿನಿಂದ ಹಳೇ ಬಾಟಲಿ ಮೇಲೆ ಗೀಚಿ, ಗಾಜಿನ ಮೇಲೆ ಗೀರು ಬೀಳುತ್ತದೆ. ಚಾಕುವಿನಿಂದ ಕಲ್ಲನ್ನು ಕೆರೆದು ನೋಡಿ, ಏನೂ ಆಗಲ್ಲ. ಶಹಾಬಾದ್ ಪರಸಿಯಂಥ ಸುಣ್ಣಕಲ್ಲಾದರೆ ಸುಲಭವಾಗಿ ಪುಡಿ ಏಳುತ್ತದೆ, ಆ ಪುಡಿಗೆ ನಿಂಬೆರಸ ಹಾಕಿದರೆ ಸಣ್ಣಗೆ ನೊರೆ ಬರುತ್ತದೆ. ಸುತ್ತಿಗೆಯಿಂದ ಒಡೆಯೋಕೆ ಮಾತ್ರ ಹೋಗಬೇಡಿ. ಚೂರು ಗಾಜಿನ ಹಾಗೆ ಸಿಡಿದು ಕಣ್ಣಿಗೆ ಬೀಳುತ್ತದೆ.

ಬೆಲೆ? ಕೇಳಿಲ್ಲ, ಆದರೂ ಮನಸ್ಸಲ್ಲಿ ಇದ್ದೇ ಇರುತ್ತೆ ಅಲ್ವಾ! ಕಚ್ಚಾ ಕಲ್ಲಿಗೆ ದೊಡ್ಡ ಬೆಲೆಯಿಲ್ಲ. ಗುಜರಾತಿನ ಖಂಭಾತಿನಲ್ಲಿ ಇಂಥದ್ದನ್ನೇ ಕಾಯಿಸಿ ಕೆಂಪೇರಿಸಿ ಮಣಿ ಮಾಡುತ್ತಾರೆ, ಬೆಲೆಯೆಲ್ಲ ಆ ಕೆಲಸಕ್ಕೇ.

ಇನ್ನೊಂದು ಮಾತು. ಇದೇ ಹೊಳೆಯಲ್ಲಿ ಕೆಳಗೆ ಸನ್ನತಿ ಇದೆ, ಅಶೋಕನ ಶಾಸನ ಸಿಕ್ಕ ಊರು. ಅಂಥ ಜಾಗದಲ್ಲಿ ತೂತು ಕೊರೆದ ಮಣಿಯೋ, ಬೇಕಂತಲೇ ಚಕ್ಕೆ ಎಬ್ಬಿಸಿದಂತಿರುವ ಕಲ್ಲೋ ಕಂಡರೆ ಜೇಬಿಗೆ ಹಾಕಬೇಡಿ. ಇದ್ದಲ್ಲೇ ಬಿಟ್ಟು ಫೋಟೋ ತೆಗೆದು ಪುರಾತತ್ವ ಇಲಾಖೆಯವರಿಗೆ ತಿಳಿಸಿ. ನಿಮ್ಮ ಈ ಗೆಡ್ಡೆ ಹಾಗಲ್ಲ, ಧಾರಾಳವಾಗಿ ಶೋಕೇಸಿನಲ್ಲಿ ಇಟ್ಟುಕೊಳ್ಳಿ.