ಪ್ರತಿಕ್ರಿಯೆ: ಸಂಜೆಮಲ್ಲಿಗೆಯ ಬಿಳಿ ಸಸಿಗಳು

ಸಾಗರದ ನಿಮ್ಮ ಹಿತ್ತಿಲಿನ ಸಂಜೆಮಲ್ಲಿಗೆಯ ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿಗಳೇ ಏಕೆ ಏಳುತ್ತವೆ ಎಂದು ಕೇಳಿದ್ದೀರಿ. ಮಲೆನಾಡಿನ ಮಳೆಯನ್ನು ದೂರಬೇಡಿ. ಜೀವಕೋಶ ಇಬ್ಭಾಗವಾಗುವಾಗ ವಂಶಗುಣಗಳನ್ನು ಹೊತ್ತ ವರ್ಣತಂತುಗಳನ್ನು ಲೆಕ್ಕ ತಪ್ಪದೆ ಹಂಚುವ ಎಳೆಗಳಿವೆ. ಎಲೆಗೆ ಹಸಿರು ಕೊಟ್ಟು ಆಹಾರ ತಯಾರಿಸುವ ಕೋಶದೊಳಗಿನ ಕಣಗಳಾದ ಕ್ಲೋರೋಪ್ಲಾಸ್ಟ್‌ಗಳಿಗೆ ಅಂಥ ಶಿಸ್ತಿನ ಹಂಚಿಕೆಯಿಲ್ಲ. ಅವು ತಾವಾಗಿಯೇ ಒಡೆದು ಹೆಚ್ಚುತ್ತವೆ, ಯಾವ ಪಾಲಿನಲ್ಲಿ ಉಳಿದವೋ ಅಲ್ಲಿಗೆ ಸೇರುತ್ತವೆ. ಹಸಿರಿನವೂ ದೋಷವುಳ್ಳವೂ ಬೆರೆತಿದ್ದ ಕೋಶದಿಂದ ಹೀಗೆ ಕ್ರಮೇಣ ಬರೀ ದೋಷವುಳ್ಳವೇ ತುಂಬಿದ ಕೋಶಗಳು ಹುಟ್ಟುತ್ತವೆ. ಅವುಗಳಿಂದ ಬೆಳೆದದ್ದೇ ಬಿಳಿ ಕೊಂಬೆ. ಈ ಗಿಡದಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿ ಹೂವಿನ ಅಂಡದಿಂದ, ಬಿಳಿ ಕೊಂಬೆಯ ಅಂಡದಲ್ಲಿರುವುದು ದೋಷವುಳ್ಳವೇ. ಹಸಿರು ಕೊಂಬೆಯ ಪರಾಗ ಬಿದ್ದರೂ ಬಣ್ಣ ಬದಲಾಗದು. ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿ ತಾಯಿಯಿಂದಲೇ ಬರುವ ಈ ಗುಣವನ್ನು ತೋರಿಸಿದ್ದು ಇದೇ ಸಂಜೆಮಲ್ಲಿಗೆಯಲ್ಲಿ! ಅಂದಹಾಗೆ, ಬಿಳಿ ಸಸಿಗಳಿಗೆ ಗೊಬ್ಬರ ಸುರಿಯಬೇಡಿ. ಬೀಜದ ಆಹಾರ ಮುಗಿದೊಡನೆ ಸಾಯುತ್ತವೆ. ಪಟ್ಟೆ ಎಲೆ ಬೇಕಿದ್ದರೆ ಪಟ್ಟೆ ಕೊಂಬೆಯ ಬೀಜವನ್ನೇ ಬಿತ್ತಿ. ಹಸಿರು, ಬಿಳಿ, ಪಟ್ಟೆ ಮೂರೂ ಬಗೆಯ ಸಸಿಗಳು ಬರಬಹುದು.