ಶಾಲೆಯ ಹಲ್ಲಿನ ಕ್ಯಾಂಪಿನಿಂದ ನಿಜಕ್ಕೂ ಪ್ರಯೋಜನ ಆಗಿದೆಯೇ ಎಂದು ತಿಳಿಯುವುದು ಹೇಗೆ?

ನೀವು ಬದಿಯಡ್ಕ ಕಡೆಯ ಶಾಲೆಯೊಂದರ ಪಿಟಿಎಯಲ್ಲಿ ಇರುವವರು ಎಂದು ಬರೆದಿದ್ದೀರಿ. ವರ್ಷವರ್ಷ ಮಕ್ಕಳ ಹಲ್ಲಿನ ತಪಾಸಣೆ ಆಗುತ್ತದೆ, ಊರಿನ ಹಿರಿಯರಿಗೆ ಹಲ್ಲಿನ ಸೆಟ್ ಸಿಗುತ್ತದೆ, ವರದಿಯಲ್ಲಿ ದೊಡ್ಡ ದೊಡ್ಡ ಅಂಕಿ ಬರುತ್ತದೆ. ಇದರಿಂದ ಜನರ ಬಾಯಿ ಸುಧಾರಿಸಿದೆಯೇ ಎಂದು ನಮ್ಮಂಥವರು ಅಳೆಯುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಸಮುದಾಯ ದಂತ ವೈದ್ಯಕೀಯ ಓದಿದವಳು. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಹಲ್ಲು ನೋಡುತ್ತ ಬಂದಿದ್ದೇನೆ.

ಒಂದೇ ಒಂದು ಲೆಕ್ಕ ಕೇಳುವುದಿದ್ದರೆ ಇದನ್ನು ಕೇಳಿ: ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವರ್ಷಕ್ಕೆ ಎಷ್ಟು ಹಲ್ಲು ಕಿತ್ತರು, ಎಷ್ಟು ಹಲ್ಲಿಗೆ ಸಿಮೆಂಟ್ ಹಾಕಿದರು? ಹುಳುಕು ಸಣ್ಣದಿರುವಾಗ ಬಂದವರಿಗೆ ಸಿಮೆಂಟ್ ಸಾಕಾಗುತ್ತದೆ. ವಾರಗಟ್ಟಲೆ ನೋವು ನುಂಗಿ, ಕೆನ್ನೆ ಬಾತುಕೊಂಡು ಬಂದವರಿಗೆ ಉಳಿಯುವುದು ರೂಟ್ ಕೆನಾಲ್ ಅಥವಾ ಕೀಳುವುದು. ಕಿತ್ತ ಲೆಕ್ಕವೇ ಬಹಳ ದೊಡ್ಡದಿದ್ದರೆ ಜನ ತಡವಾಗಿ ಬರುತ್ತಿದ್ದಾರೆ, ಇಲ್ಲವೇ ಬಂದವರಿಗೆ ಹಲ್ಲು ಉಳಿಸುವ ಸಾಮಗ್ರಿ, ಸಮಯ, ಕೈಗಳು ಅಲ್ಲಿ ಇಲ್ಲ. ಸಿಮೆಂಟ್ ಹಾಕಿದ್ದು ಏರುತ್ತ, ಕಿತ್ತದ್ದು ಇಳಿಯುತ್ತ ಬಂದರೆ ಕಾರ್ಯಕ್ರಮ ಜನರನ್ನು ಸಕಾಲದಲ್ಲಿ ಮುಟ್ಟುತ್ತಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ‘ಇಷ್ಟು ಶಿಬಿರ ಮಾಡಿದೆವು, ಇಷ್ಟು ಮಕ್ಕಳನ್ನು ನೋಡಿದೆವು’ ಎನ್ನುವುದು ದುಡಿದದ್ದರ ಲೆಕ್ಕ. ಅದೂ ಬೇಕು, ಆದರೆ ಅದು ಫಲದ ಲೆಕ್ಕವಲ್ಲ.

ಶಾಲೆಯ ಮಟ್ಟಿಗೆ ಇನ್ನೊಂದು ಪ್ರಶ್ನೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕುವ 30 ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಸೇರಿದೆ. ಹುಳುಕು ಕಂಡರೆ ಚೀಟಿ ಬರೆದು ಕಳಿಸುತ್ತಾರೆ. ಆ ಚೀಟಿ ಹಿಡಿದು ಆಸ್ಪತ್ರೆಯ ಕುರ್ಚಿಯವರೆಗೆ ಹೋದ ಮಕ್ಕಳೆಷ್ಟು? ಹೋದವರಲ್ಲಿ ಚಿಕಿತ್ಸೆ ಪೂರ್ತಿ ಮುಗಿಸಿದವರೆಷ್ಟು? ನಿಮ್ಮ ಶಾಲೆಯಲ್ಲೇ ಪೋಷಕರ ಸಭೆಯ ದಿನ ಇದನ್ನು ಕೇಳಿ ಬರೆದುಕೊಳ್ಳಬಹುದು. ಜೊತೆಗೆ ಇನ್ನೊಂದು ಮಾತು ಕೇಳಿ: ಕಳೆದ ತಿಂಗಳು ಹಲ್ಲುನೋವಿನಿಂದ ಮಗು ಶಾಲೆ ತಪ್ಪಿಸಿತೇ, ರಾತ್ರಿ ನಿದ್ದೆಗೆಟ್ಟಿತೇ? ಯಾವ ಯಂತ್ರವೂ ಬೇಡದ ಈ ಅಳತೆಯನ್ನು ನಾನು ತುಂಬಾ ನಂಬುತ್ತೇನೆ.

ಇನ್ನು ನಾವು ವೃತ್ತಿಯವರು ಬಳಸುವ ಅಳತೆ ಡಿಎಂಎಫ್‌ಟಿ. 1938ರಿಂದ ಬಳಕೆಯಲ್ಲಿದೆ. ಒಬ್ಬರ ಬಾಯಲ್ಲಿ ಹುಳುಕಾದ, ಹುಳುಕಿನಿಂದ ಹೋದ, ತುಂಬಿಸಿದ ಹಲ್ಲುಗಳನ್ನು ಕೂಡಿಸುತ್ತೇವೆ. ವರದಿ ಓದುವಾಗ ಇಲ್ಲಿ ಎಚ್ಚರ ಬೇಕು. ಹುಳುಕು ಹಲ್ಲಿಗೆ ಸಿಮೆಂಟ್ ಹಾಕಿದರೂ ಒಟ್ಟು ಸಂಖ್ಯೆ ಇಳಿಯುವುದಿಲ್ಲ, ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ. ಆದ್ದರಿಂದ ಚಿಕಿತ್ಸೆ ಸಿಕ್ಕಿದೆಯೇ ಎಂದು ನೋಡಲು ಮೂರೂ ಖಾನೆ ಬಿಡಿಸಿ ನೋಡಬೇಕು. ಹುಳುಕು ಬಾರದಂತೆ ತಡೆದಿದ್ದಾರೆಯೇ ಎಂದು ನೋಡಲು ಒಟ್ಟು ಸಂಖ್ಯೆ ನೋಡಬೇಕು, ಅದೂ ಬೇರೆ ಬೇರೆ ವರ್ಷ 12 ತುಂಬಿದ ಮಕ್ಕಳನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು. ಏಳು ವರ್ಷದ ಮಗುವಿನ ಬಾಯನ್ನು ಅದೇ ಮಗುವಿಗೆ ಹನ್ನೆರಡಾದಾಗಿನ ಬಾಯಿಯ ಜೊತೆ ಹೋಲಿಸಿ ‘ಹುಳುಕು ಕಡಿಮೆಯಾಗಿದೆ’ ಎಂದರೆ ನಂಬಬೇಡಿ. ಹುಳ ತಿಂದ ಹಾಲುಹಲ್ಲು ತಾನಾಗಿ ಬಿದ್ದುಹೋಗಿರುತ್ತದೆ.

ಎಣಿಸುವುದರಲ್ಲೂ ಒಂದು ಶಿಸ್ತಿದೆ. ನಾವು ಮಗುವನ್ನು ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುತ್ತೇವೆ. ಕೈಯಲ್ಲಿ ಬಾಯಿಗನ್ನಡಿ, ತುದಿಯಲ್ಲಿ ಪುಟ್ಟ ಗುಂಡು ಇರುವ ಕಡ್ಡಿ. ನೋಡುವವರು ಹಲ್ಲಿನಿಂದ ಹಲ್ಲಿಗೆ ಹೋಗುತ್ತ ಗಟ್ಟಿಯಾಗಿ ಸಂಖ್ಯೆ ಹೇಳುತ್ತಾರೆ: ಚೆನ್ನಾಗಿದ್ದರೆ ಸೊನ್ನೆ, ಹುಳುಕಿದ್ದರೆ ಒಂದು, ಹಾಲುಹಲ್ಲಾದರೆ ಎ, ಬಿ. ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಂತೆ ನೂರಕ್ಕೆ ಐದರಿಂದ ಹತ್ತು ಮಕ್ಕಳನ್ನು ಎರಡನೇ ಸಲ ನೋಡಿ ಎರಡೂ ಪಟ್ಟಿ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬೇಕು. ನಿಮ್ಮ ಕೈಗೆ ಬಂದ ವರದಿಯಲ್ಲಿ ಈ ಮರುಪರೀಕ್ಷೆಯ ಮಾತೇ ಇಲ್ಲದಿದ್ದರೆ, ನೋಡಿದವರು ಮತ್ತು ಕಾರ್ಯಕ್ರಮ ನಡೆಸಿದವರು ಒಬ್ಬರೇ ಆಗಿದ್ದರೆ, ಅಂಕಿಗಳನ್ನು ಸ್ವಲ್ಪ ದೂರ ಇಟ್ಟೇ ಓದಿ.

ಆ ದಿನ ಶಾಲೆಗೆ ಬಾರದ ಮಕ್ಕಳ ಬಗ್ಗೆ ನನಗೆ ಬಹಳ ಕಳವಳ. ಕೊರಗ ಕಾಲೊನಿಯ ಮಕ್ಕಳು, ಕೂಲಿಗೆ ಹೋಗುವವರ ಮಕ್ಕಳು, ಹಲ್ಲುನೋವಿನಿಂದಲೇ ಮನೆಯಲ್ಲಿ ಮಲಗಿದವರು ಎಣಿಕೆಯಿಂದ ಜಾರಿಹೋಗುತ್ತಾರೆ. ಒಪ್ಪಿಗೆಯ ಪತ್ರ ಬರೀ ಮಲಯಾಳದಲ್ಲಿದ್ದರೆ ಓದಲು ಬಾರದ ಕನ್ನಡದ ತಾಯಂದಿರು ಸಹಿ ಹಾಕಲು ಹಿಂಜರಿಯುತ್ತಾರೆ, ಆ ಮಕ್ಕಳೂ ಹೊರಗುಳಿಯುತ್ತಾರೆ. ಉಳಿದವರ ಸರಾಸರಿ ತೆಗೆದರೆ ಊರೆಲ್ಲ ಚೆನ್ನಾಗಿರುವಂತೆ ಕಾಣುತ್ತದೆ. ಶಾಲೆಗೆ ಬಂದ ಮಕ್ಕಳಲ್ಲೂ ಹುಳುಕು ಹೆಚ್ಚಿರುವವರನ್ನು ಸರಾಸರಿ ಮರೆಮಾಡುತ್ತದೆ. ಅದಕ್ಕೆಂದೇ 2000ದಲ್ಲಿ ಡಗ್ಲಸ್ ಬ್ರಾಟಾಲ್ ಎಂಬವರು ಬೇರೆ ಸೂಚ್ಯಂಕ ಮುಂದಿಟ್ಟರು: ಹುಳುಕು ಅತಿ ಹೆಚ್ಚಿರುವ ಮೂರನೇ ಒಂದು ಭಾಗದ ಮಕ್ಕಳ ಸರಾಸರಿಯನ್ನಷ್ಟೇ ನೋಡುವುದು. ಸರ್ಕಾರದ ದುಡ್ಡು ಮೊದಲು ಯಾರನ್ನು ಮುಟ್ಟಬೇಕೋ ಅವರು ಅಲ್ಲಿ ಕಾಣಿಸುತ್ತಾರೆ.

ನಮ್ಮ ಗಡಿಯದ್ದೇ ಒಂದು ತೊಡಕೂ ಇದೆ. ನಮ್ಮವರಿಗೆ ಆಸ್ಪತ್ರೆ ಎಂದರೆ ಮೊದಲು ನೆನಪಾಗುವುದು ಮಂಗಳೂರು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಜನ ಎಷ್ಟು ಒದ್ದಾಡಿದರೆಂದು ನಿಮಗೆ ಗೊತ್ತೇ ಇದೆ. ಕಾಸರಗೋಡಿನವರು ಮಂಗಳೂರಿನಲ್ಲಿ ತೆಗೆಸಿದ ಹಲ್ಲು ಕೇರಳದ ಸರ್ಕಾರಿ ರಿಜಿಸ್ಟರಿನಲ್ಲಿ ಬರುವುದಿಲ್ಲ. ಹೀಗಾಗಿ ಇಲ್ಲಿ ಕಿತ್ತ ಹಲ್ಲು ಕಡಿಮೆ ಎಂದು ಕಂಡರೆ, ರೋಗ ಕಡಿಮೆಯಾದದ್ದೇ ಅಥವಾ ಜನ ಬಸ್ಸು ಹತ್ತಿದ್ದೇ ಎಂದು ಮನೆಮನೆಯಲ್ಲೇ ವಿಚಾರಿಸಬೇಕು. ‘ಕೊನೆಯ ಸಲ ಹಲ್ಲನ್ನು ಎಲ್ಲಿ ತೋರಿಸಿದಿರಿ, ಕೈಯಿಂದ ಎಷ್ಟು ಖರ್ಚಾಯಿತು’ ಎಂದು ಆಶಾ ಕಾರ್ಯಕರ್ತೆಯರು ಕೇಳಿದರೆ ಉತ್ತರ ಸಿಗುತ್ತದೆ.

ಹಿರಿಯರ ಸೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಕೇರಳದಲ್ಲಿ ಬಡ ಹಿರಿಯರಿಗೆ ‘ಮಂದಹಾಸಂ’, ಕರ್ನಾಟಕದಲ್ಲಿ ‘ದಂತಭಾಗ್ಯ’ ಯೋಜನೆ ಇವೆ, ಎರಡೂ ಬೇಕಾದವೇ. ಹಲ್ಲು ಹೋದ ಮೇಲೆ ದವಡೆಯ ಎಲುಬು ಸವೆಯುತ್ತ ಹೋಗಿ ಸೆಟ್ ಸಡಿಲಾಗುತ್ತದೆ. ಕೊಟ್ಟು ಆರು ತಿಂಗಳಾದ ಮೇಲೆ ಅದು ಬಾಯಲ್ಲಿದೆಯೇ, ಡಬ್ಬಿಯಲ್ಲಿದೆಯೇ, ಅದನ್ನು ಹಾಕಿಕೊಂಡು ಊಟ ಮಾಡಲು ಆಗುತ್ತದೆಯೇ ಎಂದು ಕೇಳಿ.

ಅಡಿಕೆಯ ನಾಡಿನಲ್ಲಿ ಕುಳಿತು ಬಾಯಿ ಕ್ಯಾನ್ಸರಿನ ಮಾತು ಬಿಡಲಾಗದು. ಹೊಗೆಸೊಪ್ಪು ಹಾಕದೆ ಬರೀ ಎಲೆ ಅಡಿಕೆ ಜಗಿದರೂ ಕ್ಯಾನ್ಸರ್ ಬರಬಹುದು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ಹೇಳಿದೆ. ಒಂದು ಕಾರ್ಯಕ್ರಮವನ್ನು ಅಳೆಯುವುದು ಹೇಗೆಂಬುದಕ್ಕೆ ಅತ್ಯುತ್ತಮ ಉದಾಹರಣೆಯೂ ಕೇರಳದಲ್ಲೇ ಇದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತ್ ಗುಂಪುಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಏಳರಲ್ಲಿ ತರಬೇತಾದ ಕಾರ್ಯಕರ್ತರು ಮನೆಗೇ ಹೋಗಿ 35 ದಾಟಿದವರ ಬಾಯಿ ನೋಡಿದರು, ಆರರಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ಶಂಕರನಾರಾಯಣನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ಎಲ್ಲರನ್ನೂ ಸೇರಿಸಿದರೆ ಅಂಥ ಖಚಿತ ವ್ಯತ್ಯಾಸ ಕಾಣಲಿಲ್ಲ. ಹೋಲಿಸಲು ಇನ್ನೊಂದು ಪಾಲು ಇದ್ದದ್ದರಿಂದಲೇ, ಸತ್ತವರ ಲೆಕ್ಕವನ್ನೂ ಇಟ್ಟದ್ದರಿಂದಲೇ, ಯಾರನ್ನು ಮೊದಲು ಪರೀಕ್ಷಿಸಬೇಕು ಎಂಬುದು ಗೊತ್ತಾಯಿತು. ನಿಮ್ಮ ಪಂಚಾಯತ್‌ನಲ್ಲೂ ಅಡಿಕೆ ಜಗಿಯುವವರ ಬಾಯಿ ನೋಡುತ್ತಿದ್ದಾರೆಯೇ ಎಂದು ಕೇಳಿ. ಮೂರು ಬೆರಳು ಒಂದರ ಮೇಲೊಂದು ಇಟ್ಟಂತೆ ಬಾಯೊಳಗೆ ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ ಅಂಥವರನ್ನು ಕೂಡಲೇ ದಂತ ವೈದ್ಯರ ಹತ್ತಿರ ಕಳಿಸಬೇಕು.

ಕೇಳುವುದು ಎಲ್ಲಿ ಎಂದರೆ, ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪಂಚಾಯತ್‌ಗೆ ಸೇರಿದವು, ಗ್ರಾಮಸಭೆಯಲ್ಲೇ ಕೇಳಬಹುದು. ತಾಲೂಕು ಆಸ್ಪತ್ರೆಯ ಲೆಕ್ಕವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ: ಐದು ವರ್ಷದಲ್ಲಿ ಕಿತ್ತದ್ದು, ತುಂಬಿದ್ದು, ಶಾಲೆಯಿಂದ ಚೀಟಿ ಹಿಡಿದು ಬಂದವರು, ದಂತ ವೈದ್ಯರ ಹುದ್ದೆ ಖಾಲಿ ಇದ್ದ ತಿಂಗಳುಗಳು. ಒಂದೇ ವರ್ಷದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಶಾಶ್ವತ ಹಲ್ಲಿನ ಹುಳುಕು ನಿಧಾನಕ್ಕೆ ಬೆಳೆಯುವಂಥದ್ದು, ತಡೆದದ್ದು ಅಂಕಿಯಲ್ಲಿ ಕಾಣಿಸಿಕೊಳ್ಳಲು ಮೂರು ನಾಲ್ಕು ವರ್ಷವಾದರೂ ಬೇಕು. ಪಿಟಿಎಯವರೇ ಪೋಷಕರ ಪ್ರಶ್ನಾವಳಿಯನ್ನು ಈ ಜೂನ್‌ನಿಂದ ಶುರು ಮಾಡಿ, ಪ್ರತಿ ಜೂನ್‌ನಲ್ಲಿ ಅದೇ ಪ್ರಶ್ನೆಗಳನ್ನೇ ಕೇಳಿ. ಕನ್ನಡದಲ್ಲಿ ಪ್ರಶ್ನಾವಳಿ ಬೇಕಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ನಾನು ತಯಾರಿಸಿ ಕೊಡುತ್ತೇನೆ.