ಮೂರು ವಾರ ಜೇಬಿನಲ್ಲೇ ಇದ್ದ ಚೀಟಿ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲು ಬಂದದ್ದು ಹೆಂಡತಿ, ಒಬ್ಬರೇ. ಗಂಡನಿಗೆ ಶಿಡ್ಲಘಟ್ಟದ ಒಂದು ರೇಷ್ಮೆ ರೀಲಿಂಗ್ ಘಟಕದಲ್ಲಿ ನೂಲು ತೆಗೆಯುವ ಕೆಲಸ. ವಯಸ್ಸು ನಲವತ್ತರ ಆಸುಪಾಸು. "ಕುಡಿಯೋದು ಹೊಸದಲ್ಲ ಮೇಡಂ. ಈಗ ಬೆಳಿಗ್ಗೆ ಎದ್ದ ತಕ್ಷಣ ಬೇಕು ಅಂತಾರೆ, ಅದೇ ಭಯ" ಎಂದರು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಬೇಕಾದ ಕೈ ಅದು. ನಡುಗಿದರೆ ಎಳೆ ಸಿಗದು. ಒಂದು ನೈಂಟಿ ಒಳಗೆ ಹೋದರೆ ಕೈ ನಿಲ್ಲುತ್ತದೆ. ಹಾಗಾಗಿ ಕುಡಿಯುವುದೇ ಕೆಲಸ ಉಳಿಸಿಕೊಳ್ಳುವ ದಾರಿ ಎಂದು ಆತ ನಂಬಿದ್ದರು.

ಆಕೆ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು. ಗೊತ್ತಾಗದಂತೆ ಸಾರಿಗೆ ಬೆರೆಸಿದರೆ ಕುಡಿತ ಬಿಡುತ್ತಾರೆ ಎಂದು ಯಾರೋ ಕೊಟ್ಟ ಪುಡಿ. ದಯವಿಟ್ಟು ಹಾಕಬೇಡಿ ಎಂದೆ. ಇಂಥ ಪುಡಿಗಳಲ್ಲಿ ಏನಿದೆ ಎಂದು ಹೇಳಲಾಗದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆಯ ಪುಡಿ ಇದ್ದು, ತಿಳಿಯದೆ ಅದರ ಮೇಲೆ ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕು.

ಮುಂದಿನ ವಾರ ಗಂಡನೂ ಬಂದರು. ಹಿಂದೊಮ್ಮೆ ಹಬ್ಬಕ್ಕೆಂದು ಕುಡಿತ ನಿಲ್ಲಿಸಿದಾಗ ಎರಡನೇ ದಿನ ಫಿಟ್ಸ್ ಬಂದಿತ್ತಂತೆ. ಇದು ಕೇಳಿದ ಮೇಲೆ ಕುಡಿತ ಬಿಡುವವರ ಸಂಘ, ಸಭೆಯ ಮಾತನ್ನೆಲ್ಲ ಸದ್ಯಕ್ಕೆ ಬದಿಗಿಟ್ಟೆ. ದಿನವಿಡೀ ಕುಡಿಯುವವರು ಮನೆಯಲ್ಲಿ ಹಟ ಹಿಡಿದು ಒಮ್ಮೆಲೇ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ನಂತರದ ಒಂದೆರಡು ದಿನಗಳಲ್ಲಿ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಸನ್ನಿ ಬರಬಹುದು. ಹಾಗಾಗಿ ಆಸ್ಪತ್ರೆಗೆ ಸೇರಿಸಿ, ಥಯಮಿನ್ (ವಿಟಮಿನ್ ಬಿ1) ಮತ್ತು ನಡುಕ ಇಳಿಸುವ ಔಷಧ ಕೊಟ್ಟು, ವಾರದೊಳಗೆ ಅವರನ್ನು ಮನೆಗೆ ಕಳುಹಿಸಿದರು.

ನಾನು ತಪ್ಪಿದ್ದು ಇಲ್ಲಿಂದ ಮುಂದೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಯ ಸ್ಥಳ, ಸಮಯ, ಒಬ್ಬ ಸದಸ್ಯರ ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಟ್ಟೆ. ಕೆಲಸ ಮುಗಿಯಿತು ಎಂದುಕೊಂಡೆ. ಮೂರು ವಾರದ ನಂತರ ನೋಡಿದರೆ ಅದೇ ಚೀಟಿ, ಬೆವರಿಗೆ ಅಕ್ಷರ ಅಳಿಸಿ, ಅಂಗಿಯ ಜೇಬಿನಲ್ಲೇ ಇತ್ತು.

ಯಾಕೆ ಹೋಗಲಿಲ್ಲ ಎಂದು ಕೇಳದೆ, ಅಲ್ಲಿ ಏನಾಗಬಹುದು ಅನ್ನಿಸುತ್ತದೆ ಎಂದು ಕೇಳಿದೆ. ಆಗ ಮಾತು ಬಂತು. "ನಮ್ಮೂರಿನೋರು ಯಾರಾದ್ರೂ ಕೂತಿದ್ರೆ?" ಚರ್ಚಿನ ಕೋಣೆಯಲ್ಲಿ ಸಭೆ ಎಂದರೆ ಜಾತಿ ಕೆಡಿಸುತ್ತಾರಾ? ದುಡ್ಡು ಎಷ್ಟು? ಎದ್ದು ನಿಂತು ಎಲ್ಲ ಹೇಳಬೇಕಾ?

ಒಂದೊಂದಾಗಿ ಮಾತಾಡಿದೆವು. ಊರಿನವರು ಕಂಡರೆ, ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಅಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರಿಂದ ಶುರುವಾದ ಈ ಕೂಟದ ಜೀವಾಳ. ಕೋಣೆ ಯಾರದ್ದಾದರೂ ಕೂಟ ಯಾವ ಮತಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಕೂಟ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರು 'ನಾವು ಅರಿತುಕೊಂಡಂತೆ' ಇರುವ ದೇವರು. ಶುಲ್ಕವಿಲ್ಲ, ಮನಸ್ಸಿದ್ದವರು ಕೊನೆಗೆ ಒಂದಿಷ್ಟು ಹಾಕುತ್ತಾರೆ. ಬಿಡಬೇಕೆಂಬ ಆಸೆ ಇದ್ದರೆ ಸಾಕು. ಮಾತಾಡದೆ ಕೂತು ಬಂದರೂ ನಡೆಯುತ್ತದೆ.

ಆದರೂ ಅವರು ಒಬ್ಬರೇ ಆ ಬಾಗಿಲು ದಾಟಲಾರರು ಎಂದು ಈ ಬಾರಿ ನನಗೆ ಅರ್ಥವಾಗಿತ್ತು. ನನ್ನ ಕೋಣೆಯಿಂದಲೇ, ಅವರ ಫೋನಿನಿಂದಲೇ, ಸ್ಪೀಕರ್ ಹಾಕಿ ಆ ಸದಸ್ಯರಿಗೆ ಕರೆ ಮಾಡಿಸಿದೆ. ಆ ಕಡೆಯಿಂದ ಉಪದೇಶ ಬರಲಿಲ್ಲ. "ಯಾವ ಬಸ್ಸಿಗೆ ಬರ್ತೀರಿ? ನಾನು ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ" ಅಂದರು. ಇವರ ಕಣ್ಣು ತುಂಬಿತು. ಆ ಶನಿವಾರ ಹೋದರು. ಈಗ ಯಾರಿಗೂ ಬರೀ ಚೀಟಿ ಕೊಟ್ಟು ಕಳುಹಿಸುವುದಿಲ್ಲ.

ಒಂದೇ ಸಭೆ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಐದಾರು ಸಲ ಹೋಗಿ ಎಂದು ಹೇಳಿದ್ದೆ. ಮೊದಲ ದಿನ ಸುಮ್ಮನೆ ಕೂತಿದ್ದರಂತೆ. ಹೆಸರು ಹೇಳಿದ್ದು ನಾಲ್ಕನೆಯ ಸಲ. ಸಭೆ ಒಗ್ಗದಿದ್ದರೆ ಧರ್ಮಸ್ಥಳದವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ, ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ರಾತ್ರಿ ಹೊತ್ತು ಆಸೆ ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಉಚಿತ. ಈ ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ.

ಹೆಂಡತಿಗೆ ಹೇಳಿದ್ದು ಬೇರೆ. ಬಾಯಿ ಮೂಸಿ ನೋಡುವುದು, ಜೇಬು ತಡಕುವುದು, ಮಾಲೀಕರಿಗೆ ಸುಳ್ಳು ಹೇಳಿ ರಜೆ ಕೇಳುವುದು ನಿಮ್ಮ ಕೆಲಸವಲ್ಲ. ಕುಡಿಯುವವರ ಮನೆಯವರಿಗೆಂದೇ ಆಲ್-ಅನಾನ್ ಕೂಟವಿದೆ, ಗಂಡ ಬಿಡಲಿ ಬಿಡದಿರಲಿ ನೀವು ಹೋಗಬಹುದು ಎಂದೆ. "ನನಗೂ ಒಂದು ಜಾಗ ಇದೆಯಾ?" ಎಂದು ಕೇಳಿ ಸ್ವಲ್ಪ ಹೊತ್ತು ಅತ್ತರು.

ಐದನೇ ತಿಂಗಳಲ್ಲಿ, ಊರ ಜಾತ್ರೆಯ ರಾತ್ರಿ, ಆತ ಮತ್ತೆ ಕುಡಿದರು. ಎರಡು ದಿನ. ಮೂರನೇ ದಿನ ನಡುಗುತ್ತಾ ಫೋನ್ ಮಾಡಿದ್ದು ನನಗಲ್ಲ, ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದವರಿಗೆ. ಅವರೇ ಆಸ್ಪತ್ರೆಗೆ ಕರೆದೊಯ್ದರು.

ಈಗ ನಾವು ತಿಂಗಳಿಗೊಮ್ಮೆ ಭೇಟಿಯಾಗುತ್ತೇವೆ. ಬಟವಾಡೆ ಶನಿವಾರ ಸಂಜೆ, ಸಭೆಯೂ ಅದೇ ಹೊತ್ತಿಗೆ. ದುಡ್ಡು ಕೈಗೆ ಬಂದ ಗಳಿಗೆಯೇ ಅವರಿಗೆ ಅತಿ ಕಷ್ಟ. ಕೂಲಿ ಹೆಂಡತಿಯ ಖಾತೆಗೆ ಹೋಗಲಿ ಎಂದು ಅವರೇ ಹೇಳಿದ್ದಾರೆ. ಇನ್ನು ಶನಿವಾರ ಒಂದು ಗಂಟೆ ಮುಂಚೆ ಬಿಡುವಂತೆ ಮಾಲೀಕರನ್ನು ಕೇಳಬೇಕು. ನಿಜ ಹೇಳುವುದೋ, ಬರೀ "ಆಸ್ಪತ್ರೆ ಕೆಲಸ" ಅನ್ನುವುದೋ ಎಂಬುದನ್ನು ಮುಂದಿನ ಭೇಟಿಯಲ್ಲಿ ಮಾತಾಡಲಿದ್ದೇವೆ.